ತುಟಿ ಅಲುಗದಂತೆ

ಇಚಲಕರಂಜಿಯ ನಮ್ಮ ಓಣಿಯಲ್ಲಿ ವಾರಕ್ಕೊಂದು ದಿನ ಪವರ್‌ಲೂಮ್‌ಗಳು ನಿಲ್ಲುತ್ತವೆ. ಪರೀಕ್ಷೆಗೆ ನಾನು ಹುಡುಕಿ ಆ ದಿನವನ್ನೇ ಆರಿಸಿಕೊಂಡಿದ್ದೆ. ಸೈಬರ್ ಭದ್ರತೆಯ ವಿಶ್ಲೇಷಕರಿಗೆಂದು ಇರುವ ಆ ಪ್ರಮಾಣಪತ್ರದ ಪರೀಕ್ಷೆಯನ್ನು ಮನೆಯಲ್ಲೇ ಕುಳಿತು ಬರೆಯಬಹುದು. ಆದರೆ ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಸದ್ದಿರಬಾರದು. ಎಲ್ಲೋ ದೂರದ ಊರಲ್ಲಿ ಕುಳಿತ ಮೇಲ್ವಿಚಾರಕ ಕ್ಯಾಮೆರಾದಲ್ಲಿ ನಮ್ಮ ಮುಖವನ್ನು ನೋಡುತ್ತಲೇ ಇರುತ್ತಾನೆ. ಗೋಡೆಯಾಚೆ ಮಗ್ಗಗಳು ಹೊಡೆದುಕೊಳ್ಳುತ್ತಿರುವಾಗ ಅದು ಆಗದ ಕೆಲಸ.

ಪಾಸಾಗಲೇಬೇಕಿತ್ತು. ಕೊಲ್ಹಾಪುರದ ಒಂದು ಸಣ್ಣ ಕಂಪನಿ ನನ್ನನ್ನು ತರಬೇತಿಗೆ ತೆಗೆದುಕೊಳ್ಳಲು ಒಪ್ಪಿತ್ತು. ಬೇರೆಯವರ ಕಂಪ್ಯೂಟರುಗಳಿಂದ ಬರುವ ಎಚ್ಚರಿಕೆಗಳನ್ನು ನೋಡುತ್ತ, ಯಾವುದು ನಿಜವಾದ ಕಳ್ಳನದು, ಯಾವುದು ಪಾಸ್‌ವರ್ಡ್ ಮರೆತ ಗುಮಾಸ್ತನದು ಎಂದು ಬೇರ್ಪಡಿಸುವ ಕೆಲಸ. ಷರತ್ತು ಒಂದೇ: ತಿಂಗಳು ಮುಗಿಯುವುದರೊಳಗೆ ಪ್ರಮಾಣಪತ್ರ ತರಬೇಕು. ಓದುವುದಕ್ಕೆಂದು ನಾನು ಗೋಕುಳ ಶಿರಗಾಂವದ ಫೌಂಡ್ರಿಯ ಆಫೀಸು ಬಿಟ್ಟಿದ್ದೆ. ಅಲ್ಲಿನ ನನ್ನ ಕುರ್ಚಿಯಲ್ಲಿ ಆಗಲೇ ಬೇರೊಬ್ಬಳು ಕುಳಿತಿದ್ದಳು. ಪದವಿ ಮುಗಿಸಿ ವರ್ಷಗಳಾಗಿದ್ದವು. ಕೊಲ್ಹಾಪುರದ ಕ್ಲಾಸಿನಲ್ಲಿ ಎಲ್ಲರೂ ನನಗಿಂತ ಚಿಕ್ಕವರು, ಕಲಿಸುವವನೂ ಚಿಕ್ಕವನೇ. ಇದೂ ತಪ್ಪಿದರೆ ಮುಂದೇನು ಎಂದು ಯೋಚಿಸಲು ಹೋದಾಗಲೆಲ್ಲ ಮತ್ತೆ ಪುಸ್ತಕ ತೆರೆದು ಕೂರುತ್ತಿದ್ದೆ.

ಮಗ್ಗದ ಶೆಡ್ಡಿನಲ್ಲಿ ಯಾರೂ ಧ್ವನಿಯೆತ್ತಿ ಮಾತಾಡುವುದಿಲ್ಲ. ಎತ್ತಿದರೂ ಕೇಳಿಸುವುದಿಲ್ಲ. ಉಸಿರು ಬಿಡದೆ ಬರೀ ತುಟಿ ಆಡಿಸುತ್ತಾರೆ, ಎದುರಿನವರು ಓದಿಕೊಳ್ಳುತ್ತಾರೆ. ನಾಲ್ಕು ಮಗ್ಗದಾಚೆಯಿಂದ ಜಗಳವನ್ನೂ ಆಡುತ್ತಾರೆ, ಚೇಷ್ಟೆಯನ್ನೂ ಮಾಡುತ್ತಾರೆ. ಅಲ್ಲೇ ದುಡಿಯುವ ಅಪ್ಪನಿಗೆ ಈಗ ಕಿವಿ ಅರ್ಧ ಹೋಗಿದೆ. ಹಾಗಾಗಿ ಮನೆಯಲ್ಲೂ ಅವನ ಜೊತೆ ನಮ್ಮದು ತುಟಿಮಾತೇ. ನಾನು ಅಕ್ಷರ ಕಲಿತದ್ದೂ ಆ ಶೆಡ್ಡಿನ ಬಾಗಿಲಲ್ಲಿ, ಅಪ್ಪನಿಗೆ ತುಟಿಯಲ್ಲೇ ಓದಿ ತೋರಿಸುತ್ತ. ಇಂದಿಗೂ ಏನೇ ಓದಿದರೂ ನನ್ನ ತುಟಿ ಆಡುತ್ತದೆ. ಅದೊಂದು ಅಭ್ಯಾಸ ಎಂಬುದೇ ನನಗೆ ಗೊತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಅದನ್ನು ಯಾರು ಗಮನಿಸುತ್ತಾರೆ?

ದೂರದ ಮೇಲ್ವಿಚಾರಕ ಗಮನಿಸಿದ. ಪರೀಕ್ಷೆ ಶುರುವಾದ ಸ್ವಲ್ಪ ಹೊತ್ತಿಗೇ ಪರದೆಯ ಮೂಲೆಯಲ್ಲಿ ಸೂಚನೆ ಬಂತು: ತುಟಿ ಅಲುಗಿಸಬೇಡಿ. ಬಿಗಿದುಕೊಂಡೆ. ಮುಂದಿನ ಪ್ರಶ್ನೆಗೆ ಬರುವಷ್ಟರಲ್ಲಿ ಮರೆತೆ. ಆಗಲೇ ಎದುರಿನ ಕಿಟಕಿಯಲ್ಲಿ ಅಪ್ಪ ಕಾಣಿಸಿದ. ರಜೆಯ ದಿನ ಮಗ್ಗಗಳಿಗೆ ಎಣ್ಣೆ ಬಿಟ್ಟು, ಕೈ ಒರೆಸಿಕೊಳ್ಳುತ್ತ ಬಂದಿದ್ದ. ಕೋಣೆಗೆ ಬರಬೇಡ, ಸದ್ದು ಮಾಡಬೇಡ ಎಂದು ಹೇಳಿದ್ದೆವು. ಅವನು ಬರಲೂ ಇಲ್ಲ, ಸದ್ದು ಮಾಡಲೂ ಇಲ್ಲ. ಹೊರಗೆ ನಿಂತು ತುಟಿಯಲ್ಲಿ ಕೇಳಿದ: "ಹೆಂಗ ನಡದೈತಿ, ಬಾಳಾ?"

"ಚಲೋ ನಡದೈತಿ, ನೀ ಹೋಗು" ಎಂದಿತು ನನ್ನ ತುಟಿ.

ಪರದೆ ಬಿಳಿಯಾಯಿತು. ಹೊರಗಿನ ವ್ಯಕ್ತಿಯೊಂದಿಗೆ ಸಂಪರ್ಕ ಕಂಡುಬಂದದ್ದರಿಂದ ಪರೀಕ್ಷೆಯನ್ನು ರದ್ದುಮಾಡಲಾಗಿದೆ ಎಂದು ಬರೆದಿತ್ತು.

ಅವ್ವ ಅಡುಗೆಮನೆಯಿಂದ ಓಡಿಬಂದಳು. "ಮಾತ ಆಡಿಲ್ಲಲ್ಲ ನೀ? ಬರೇ ಬಾಯಿ ಅಳ್ಳಾಡಿಸಿದ್ರ ಪರೀಕ್ಷಾ ಹೋಗತೈತೇನ? ಹಂಗಾದ್ರ ಎಲಿಅಡಿಕಿ ತಿನ್ನೋರು ಒಬ್ಬರೂ ಪಾಸ್ ಆಗಂಗಿಲ್ಲ ಬಿಡು!"

ಅಪ್ಪ ಬಾಗಿಲಲ್ಲೇ ನಿಂತಿದ್ದ. "ನಾ ನಿನ್ನ ಏನೂ ಕೇಳಿಲ್ಲ" ಎಂದ, ಈ ಸಲ ಧ್ವನಿಯಲ್ಲಿ, ಕಿವಿ ಮಂದವಾದವರಂತೆ ಜೋರಾಗಿ. "ಸುಮ್ಮ ನೋಡಾಕತ್ತಿದ್ನಿ. ನೀನ ಮೊದಲ ಅಂದಿ."

ಇದನ್ನು ಬರೆಯುವಾಗ ಇಲ್ಲೇ ತಡವರಿಸುತ್ತೇನೆ. ಅಪ್ಪ ಕೇಳಿದ್ದನ್ನು ನಾನು ಕಂಡೆ ಎಂದೇ ಅಂದಿನ ದಿನಚರಿಯಲ್ಲಿದೆ. ಆದರೆ ದಿನಚರಿ ಬರೆದದ್ದು ಅತ್ತು ಮುಗಿದ ಮೇಲೆ. ನನ್ನನ್ನು ಉಳಿಸಿಕೊಳ್ಳುವ ಹಟ ಅದರಲ್ಲಿ ಸೇರಿರಲಾರದೇ? ಅವನು ಬರೀ ನೋಡುತ್ತ ನಿಂತಿದ್ದು, ಆ ನೋಟಕ್ಕೇ ನಾನು ಉತ್ತರ ಕೊಟ್ಟಿರಬಹುದು. ಯಂತ್ರಗಳ ದಾಖಲೆಯನ್ನು ನಂಬು, ಮನುಷ್ಯನ ನೆನಪನ್ನು ನಂಬಬೇಡ ಎಂದು ಕ್ಲಾಸಿನಲ್ಲಿ ಕಲಿಸಿದ್ದರು. ಕ್ಯಾಮೆರಾದ ದಾಖಲೆ ಇತ್ತು, ಅದರಲ್ಲಿ ನನ್ನ ಮುಖ ಮಾತ್ರ ಇತ್ತು.

ಪರೀಕ್ಷೆ ನಡೆಸುವವರಿಗೆ ಮೇಲ್ಮನವಿ ಬರೆದೆ. ಮಗ್ಗವನ್ನೇ ಕಾಣದ ಯಾರಿಗೋ ತುಟಿಮಾತು ಎಂದರೇನು ಎಂದು ಇಂಗ್ಲಿಷಿನಲ್ಲಿ ವಿವರಿಸುತ್ತ ಹೋದಂತೆ ನನಗೇ ಅದು ಕಟ್ಟುಕತೆಯಂತೆ ಕೇಳತೊಡಗಿತು. ಮೇಲ್ವಿಚಾರಕನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಅವನ ಜಾಗದಲ್ಲಿದ್ದು, ಸದ್ದಿಲ್ಲದೆ ಆಡುವ ತುಟಿ, ಕಿಟಕಿಯತ್ತ ಹೊರಳುವ ಕಣ್ಣು ನೋಡಿದ್ದರೆ ನಾನೂ ನಿಲ್ಲಿಸುತ್ತಿದ್ದೆ. ಅದೇ ಕೆಲಸಕ್ಕಲ್ಲವೇ ನಾನು ತಯಾರಾಗುತ್ತಿದ್ದದ್ದು?

ಕಂಪನಿಯ ಮ್ಯಾನೇಜರರಿಗೆ ಫೋನು ಮಾಡಿ ಇನ್ನಷ್ಟು ದಿನ ಕೇಳಿದೆ. ತಿಂಗಳು ಅಂದರೆ ತಿಂಗಳು ಎಂದರು. ಕೊನೆಯ ವಾರದಲ್ಲಿ ಮೇಲ್ಮನವಿಗೆ ಉತ್ತರ ಬಂತು: ಇನ್ನೊಮ್ಮೆ ಬರೆಯಬಹುದು. ನನ್ನನ್ನು ನಂಬಿದರೋ ಇಲ್ಲವೋ ಅದರಲ್ಲಿ ಇರಲಿಲ್ಲ. ತುಟಿ ಅಲುಗಬಾರದು ಎಂಬುದು ಮಾತ್ರ ಸ್ಪಷ್ಟವಾಗಿತ್ತು.

ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿಕೊಂಡು ಓದತೊಡಗಿದೆ. ಅವ್ವ ಸೌಟು ಹಿಡಿದು ಎದುರಿಗೆ ಕೂರುತ್ತಿದ್ದಳು. "ಅಳ್ಳಾಡಿತು! ಎದ್ದ ಹೋಗು, ನಿನ್ನ ಪರೀಕ್ಷಾ ಬಂದ್" ಎಂದು ನಗಿಸಲು ನೋಡುತ್ತಿದ್ದಳು. ನಗು ಬರುತ್ತಿರಲಿಲ್ಲ. ಊಟಕ್ಕೆ ಕುಳಿತಾಗ ಅಪ್ಪ ಎಂದಿನಂತೆ ನನ್ನ ಬಾಯಿ ನೋಡುತ್ತಿದ್ದ. ಅಭ್ಯಾಸ ಕೆಡುತ್ತದೆಂದು ನಾನು ತಟ್ಟೆ ನೋಡುತ್ತಿದ್ದೆ. ಅವನೂ ಆಮೇಲೆ ನೋಡುವುದನ್ನು ಬಿಟ್ಟ.

ಎರಡನೆಯ ಸಲ ಬರೆದದ್ದು ಗಡಹಿಂಗ್ಲಜದಲ್ಲಿ, ಸೋದರತ್ತೆಯ ಮನೆಯ ಮಾಳಿಗೆಯ ಕೋಣೆಯಲ್ಲಿ. ಎದುರಿಗೆ ಬರೀ ಗೋಡೆ. ಅತ್ತೆ ಮೆಟ್ಟಿಲ ಮೇಲೆ ಕಾವಲು ಕುಳಿತು, "ಯಾವನರೇ ಮ್ಯಾಲ ಬಂದ್ರ ಕಾಲ ಮುರೀತೇನಿ" ಎಂದು ಓಣಿಗೆಲ್ಲ ಕೇಳುವಂತೆ ಸಾರಿದ್ದಳು. ಒಳಗೆ ಎಷ್ಟು ನಿಶ್ಶಬ್ದವಿತ್ತೆಂದರೆ ನನ್ನ ಕಿವಿಯೊಳಗೇ ಮಗ್ಗ ನಡೆಯುತ್ತಿದೆ ಅನ್ನಿಸಿತು.

ಮೊದಲ ಪ್ರಶ್ನೆ ಸುಲಭದ್ದು. ಒಬ್ಬ ನೌಕರನ ಖಾತೆಗೆ ಒಂದೇ ಹೊತ್ತಿನಲ್ಲಿ ಎರಡು ದೇಶಗಳಿಂದ ಲಾಗಿನ್ ಆಗಿದೆ. ಮೊದಲು ಏನು ನೋಡುತ್ತೀರಿ? ಹತ್ತಾರು ಸಲ ಬಿಡಿಸಿದ್ದೆ. ತುಟಿ ಬಿಗಿಹಿಡಿದು ಓದಿದೆ. ಸಾಲು ಕಣ್ಣಿನ ಮುಂದೆ ಹಾದುಹೋಯಿತು, ಒಳಗಿಳಿಯಲಿಲ್ಲ. ಮತ್ತೆ ಓದಿದೆ. ಒಂದೊಂದು ಪದವೂ ಗೊತ್ತು, ಸೇರಿದರೆ ಅರ್ಥವಿಲ್ಲ. ಪೆನ್ಸಿಲ್ ಕಚ್ಚಿದ ದಿನಗಳಲ್ಲಿ ನಾನು ಕಲಿತದ್ದು ತುಟಿ ನಿಲ್ಲಿಸುವುದನ್ನು. ಹಾಗೆ ನಿಲ್ಲಿಸಿ ತಿಳಿದುಕೊಳ್ಳುವುದನ್ನಲ್ಲ. ಎರಡಕ್ಕೂ ವ್ಯತ್ಯಾಸವಿದೆ ಎಂದು ಹೊಳೆದದ್ದು ಅಲ್ಲಿ, ಗಡಿಯಾರ ಓಡುತ್ತಿರುವಾಗ. ಮೇಲ್ವಿಚಾರಕನಿಂದ ಈ ಬಾರಿ ಒಂದೂ ಸೂಚನೆ ಬರಲಿಲ್ಲ. ಬರಲಿ, ಹೇಗಾದರೂ ಇದು ನಿಲ್ಲಲಿ ಎಂದು ಒಂದು ಗಳಿಗೆ ಬೇಡಿಕೊಂಡೆ ಕೂಡ. ಕೊನೆಯ ಪುಟಗಳನ್ನು ನೋಡುವ ಮೊದಲೇ ಸಮಯ ಮುಗಿಯಿತು.

ಬಾಗಿಲು ತೆಗೆದಾಗ ಅತ್ತೆ ಎದ್ದುನಿಂತಳು. "ಆತೇನವಾ? ತುಟಿ ಅಳ್ಳಾಡಿಸಿಲ್ಲಲ್ಲ?"

"ಇಲ್ಲತ್ತಿ."

"ಹಂಗಾದ್ರ ಪಾಸ್!" ಎಂದು ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಅನುತ್ತೀರ್ಣ ಎಂದು ಪರದೆ ಆಗಲೇ ತೋರಿಸಿತ್ತು. ಸಕ್ಕರೆ ಬಾಯಲ್ಲಿ ಕರಗುವವರೆಗೂ ನಾನು ಹೇಳಲಿಲ್ಲ.

ಬಸ್ಸು ಹತ್ತುವ ಮೊದಲು ಮ್ಯಾನೇಜರರಿಗೆ ಫೋನು ಮಾಡಿದೆ. ಒಳ್ಳೆಯ ಮನುಷ್ಯ, ಮರಾಠಿಯಲ್ಲಿ ಮೆತ್ತಗೆ ಮಾತಾಡಿದರು. ಪ್ರಮಾಣಪತ್ರ ಇರುವ ಹುಡುಗನೊಬ್ಬ ಕಾಯುತ್ತಿದ್ದಾನೆ, ಅವನನ್ನೇ ಕರೆಯುತ್ತೇವೆ ಎಂದರು. ನಾನು ಥ್ಯಾಂಕ್ಸ್ ಎಂದೆ. ಯಾತಕ್ಕೆಂದು ಗೊತ್ತಿಲ್ಲ.

ಇಚಲಕರಂಜಿಗೆ ಬಂದಾಗ ಮಗ್ಗಗಳು ಪೂರ್ತಿ ಭರದಲ್ಲಿದ್ದವು. ಮನೆಗೆ ಹೋಗದೆ ನೇರ ಶೆಡ್ಡಿಗೆ ಹೋಗಿ ಬಾಗಿಲಲ್ಲಿ ನಿಂತೆ. ಅಪ್ಪ ಸಾಲಿನ ಆ ಕೊನೆಯಲ್ಲಿದ್ದ. ನನ್ನನ್ನು ಕಂಡವನು ಅಷ್ಟು ದಿನಗಳ ಮೇಲೆ ಮತ್ತೆ ನನ್ನ ಬಾಯಿ ನೋಡಿದ.

"ಏನಾತು?"

ಬಿಗಿದ ತುಟಿ ಬಿಡಿಸಿಕೊಳ್ಳಲು ಕಷ್ಟವಾಯಿತು. ಫೇಲಾದದ್ದನ್ನು ಹೇಳಿದೆ, ನೌಕರಿ ಬೇರೆಯವನಿಗೆ ಹೋದದ್ದನ್ನು ಹೇಳಿದೆ, ಇನ್ನೇನು ಮಾಡಬೇಕೋ ತಿಳಿಯುತ್ತಿಲ್ಲ ಎಂದೆ. ಅಪ್ಪ ಕೈಚಾಚಿ ತನ್ನ ಮುಂದಿನ ಮಗ್ಗವನ್ನು ನಿಲ್ಲಿಸಿದ. ಪಾಳಿಯ ನಡುವೆ ಅವನು ಹಾಗೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಒಂದು ನಿಂತರೇನು, ಸದ್ದು ಅಷ್ಟೇ ಇತ್ತು.

"ಇನ್ನೊಮ್ಮೆ ಹೇಳು" ಎಂದ.

ಅವನಿಗೆ ಓದಲು ಆಗಲಿಲ್ಲವೋ, ಓದಿದ್ದನ್ನು ಒಪ್ಪಲು ಆಗಲಿಲ್ಲವೋ. ನಾನು ಒಳಗೆ ಹೋಗಿ, ಅವನ ಎದುರಿಗೇ ನಿಂತು, ಒಂದೊಂದೇ ಮಾತನ್ನು ನಿಧಾನವಾಗಿ ಮತ್ತೆ ಹೇಳಿದೆ.