ಐದು ನಿಮಿಷಕ್ಕೊಂದು ಥ್ಯಾಂಕ್ಸ್

ಬಿಸಿನೀರಿನ ಕೊಳವೆ ಗೋಡೆಯೊಳಗೆ ಟಕಟಕ ಬಡಿದುಕೊಳ್ಳುತ್ತಿತ್ತು. ಕೆನಡಾದ ವಿನಿಪೆಗ್‌ನ ನಮ್ಮ ಹಳೆಯ ರಂಗಮಂದಿರ ಚಳಿಗಾಲದಲ್ಲಿ ಏಳುವುದೇ ಹಾಗೆ. ವರ್ನಾ ಟೇವ್ಸ್ ಕೋಟು ಕಳಚದೆಯೇ ರಂಗದ ಪಕ್ಕದ ತನ್ನ ಮೇಜಿಗೆ ಬಂದು ಮೈಕು ಸರಿಪಡಿಸಿಕೊಂಡಳು.

ಆಕೆ ನಮ್ಮ ಸ್ಟೇಜ್ ಮ್ಯಾನೇಜರ್. ಪರದೆ ಏಳುವುದು, ದೀಪ ಆರುವುದು, ಗುಡುಗು ಗುಡುಗುವುದು ಎಲ್ಲವೂ ಆಕೆಯ ಮಾತಿನಿಂದಲೇ. ಪ್ರೇಕ್ಷಕರಿಗೆ ಮಾತ್ರ ಆಕೆಯ ಮುಖ ಗೊತ್ತಿಲ್ಲ. ನಾನು ದೀಪದವನು, ಅರ್ಧ ಆಯುಷ್ಯ ಆ ದನಿಗೆ ಕಾಯುತ್ತಲೇ ಕಳೆದಿದ್ದೇನೆ. ಕೂದಲು ನರೆತ ಮೇಲೆ ಆಕೆ ವಿಶ್ವವಿದ್ಯಾಲಯ ಸೇರಿದಳು. ಅಲ್ಲಿ ರಂಗಪ್ರಯೋಗ ಮಾಡಿಯೇ ಸಂಶೋಧನೆ ನಡೆಸಿ ಎಂ.ಎ. ಪಡೆಯಬಹುದು. ಆಕೆಯ ಪ್ರಶ್ನೆ ಒಂದೇ: ನಾಟಕವನ್ನು ನಡೆಸುವ ದನಿಯೂ ಅಭಿನಯವೇ?

ಮೊದಲ ಸಲ ಪರೀಕ್ಷಕರು, "ಇದು ನಿಮ್ಮ ದಿನದ ಕೆಲಸ, ಪ್ರಯೋಗ ಎಲ್ಲಿದೆ?" ಎಂದು ಆಕೆಯನ್ನು ಮರಳಿಸಿದ್ದರು. ಇಂದಿನದು ಕೊನೆಯ ಅವಕಾಶ.

"ಇವತ್ತಾದ್ರೂ ಪಾಸಾಗ್ತೀಯಾ, ಇಲ್ಲ ಮತ್ತೆ ನಮ್ಮ ಪ್ರಾಣ ತಿಂತೀಯಾ?" ಎಂದು ಕೆಣಕಿದೆ.

"ಪಾಸಾದ್ರೂ ತಿಂತೀನಿ ಕಣೋ. ನಿನ್ನ ಡೋನಟ್ ಆ ಕಡೆ ಇಡು, ಸಕ್ಕರೆಯೆಲ್ಲ ನನ್ನ ಮೈಕ್ ಮೇಲೆ!"

ಆಕೆ ಪರೀಕ್ಷಕರಿಬ್ಬರನ್ನು ಗ್ರೀನ್ ರೂಮಿನಲ್ಲಿ, ನಟರು ಬಣ್ಣ ಹಚ್ಚಿಕೊಳ್ಳುವ ಕನ್ನಡಿಗಳ ಮುಂದೆ ಕೂರಿಸಿದಳು. ನಟರು ಯಾರೂ ಇಲ್ಲ. ಸ್ಪೀಕರಿನಲ್ಲಿ ಆಕೆಯ ದನಿ ಮಾತ್ರ. ಪರೀಕ್ಷಕರು ತುಟಿ ಬಿಚ್ಚುವಂತಿಲ್ಲ. ನಾನು ಬಾಗಿಲ ಬಳಿ ನಿಂತು ಕನ್ನಡಿಯ ಬಲ್ಬುಗಳನ್ನು ಮೆಲ್ಲಗೆ ಬೆಳಗಿಸುತ್ತಿದ್ದೆ.

"ಐದು ನಿಮಿಷ. ಪರದೆ ಏಳಲು ಎಲ್ಲರಿಗೂ ಐದು ನಿಮಿಷ."

"ಥ್ಯಾಂಕ್ಸ್, ಐದು!" ಎಂದುಬಿಟ್ಟರು ಹಿರಿಯ ಪರೀಕ್ಷಕ ಲಕ್ಲೇರ್.

ನಮ್ಮಲ್ಲಿ ನಟರು ಹಾಗೆ ಮರುನುಡಿಯಬೇಕು. ಕೇಳಿಸಿತು ಎಂಬುದಕ್ಕೆ ಅದೇ ಗುರುತು. ಲಕ್ಲೇರ್ ಯೌವನದಲ್ಲಿ ನಟರಾಗಿದ್ದವರು. ನಾಚಿ ಬಾಯಿ ಮುಚ್ಚಿಕೊಂಡರು. ಆದರೆ ಬೆನ್ನು ಆಗಲೇ ನೆಟ್ಟಗಾಗಿತ್ತು, ಕೈ ಕಾಲರಿನ ಗುಂಡಿ ಹಾಕುತ್ತಿತ್ತು.

ಜೊತೆಗಿದ್ದ ಪ್ರೊಫೆಸರ್ ಸ್ಟ್ರಾಂಡ್ ನಿಯಮ ಮರೆತು ನಕ್ಕರು. "ಏನ್ರೀ, ನೀವು ಪರೀಕ್ಷಕರೋ ಪಾತ್ರಧಾರಿಯೋ?"

"ಅದೇ ತಿಳೀತಿಲ್ಲ ಮೇಡಂ. ಕೈ ತಾನಾಗೇ ಗುಂಡಿ ಹಾಕ್ತಿದೆ. ಮಾತೇ ಇಲ್ಲದ ಪಾತ್ರಕ್ಕೂ ಹೀಗೇ ಆಗ್ತಿತ್ತು."

ಸ್ಟ್ರಾಂಡ್ ನಗು ನಿಲ್ಲಿಸಿ ಅವರನ್ನೇ ನೋಡುತ್ತ ಕುಳಿತರು.

ಮುಗಿದ ಮೇಲೆ ಇಬ್ಬರೂ ರಂಗಕ್ಕೆ ಬಂದರು. ವರ್ನಾ ಅಂಗೈಯ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡಳು.

"ಆ ದನಿ ಒಬ್ಬ ಮನುಷ್ಯನನ್ನೇ ಬದಲಾಯಿಸಿದ್ದನ್ನ ಕಣ್ಣಾರೆ ನೋಡಿದೆ. ಪಾಸಾದಿರಿ," ಎಂದರು ಸ್ಟ್ರಾಂಡ್.

ವರ್ನಾ ಮೈಕು ಆರಿಸಿದಳು. "ಮುಖ ನೋಡದೇನೇ ನಟರು ಇಷ್ಟು ವರ್ಷ ಥ್ಯಾಂಕ್ಸ್ ಅಂದ್ರಲ್ಲ, ನಂಗೆ ಕಲಿಸಿದ್ದು ಅವ್ರೇ. ಅವ್ರಿಗೆ ನಾನು ತಿರುಗಿ ಥ್ಯಾಂಕ್ಸ್ ಹೇಳೇ ಇಲ್ಲ."

"ಒಂದೇ ಒಂದು ತಿದ್ದುಪಡಿ," ಎಂದು ಲಕ್ಲೇರ್ ಶುರುಮಾಡಿದರು, "ಪ್ರಬಂಧದ ಕೊನೇ ಅಧ್ಯಾಯದಲ್ಲಿ ನೀವು..."

ಅಷ್ಟರಲ್ಲಿ ಮಧ್ಯಾಹ್ನದ ಆಟದ ನಟರು ಹಿಂಬಾಗಿಲಿಂದ ನುಗ್ಗಿದರು. ಬೂಟುಗಳ ಹಿಮ ಕರಗಿ ರಂಗದ ನೆಲವೆಲ್ಲ ನೀರು.

"ಅಯ್ಯೋ, ಅಲ್ಲೇ ನಿಲ್ರೋ! ಜಾರಿ ಬಿದ್ರೆ ಯಾರು ಎತ್ತೋದು?" ಎನ್ನುತ್ತ ವರ್ನಾ ನೆಲವೊರೆಸುವ ಕೋಲು ಎತ್ತಿಕೊಂಡು ನಡೆದೇಬಿಟ್ಟಳು.