ಯಂತ್ರದ ಬಾಯಿ ಬಿಡಿಸಿದ ಲ್ಯಾಬ್ ಮೇಡಂ

ಸಿಟ್ಟು ಬಂದರೆ ನಮ್ಮ ಲ್ಯಾಬ್ ಮೇಡಂಗೆ ಎಡಗಿವಿ ಮಾತ್ರ ಕೆಂಪಾಗುತ್ತಿತ್ತು. ಮಧುಗಿರಿಯ ಡಿಪ್ಲೊಮಾ ಕಾಲೇಜಿನಲ್ಲಿ ನಾವು ಹುಡುಗಿಯರು ಬಾಗಿಲಲ್ಲೇ ಆ ಕಿವಿ ನೋಡಿ, ಒಳಗೆ ಹೋಗುವುದೋ ಬೇಡವೋ ತೀರ್ಮಾನಿಸುತ್ತಿದ್ದೆವು. ಮೇಡಂ ಪಾವಗಡದ ಕಡೆಯವರು, ಬೈಯಲು ಕನ್ನಡ ಸಾಲದಿದ್ದರೆ ತೆಲುಗಿಗೆ ಇಳಿಯುತ್ತಿದ್ದರು. ಉತ್ತರ ತಪ್ಪಾದರೆ ಬೈಯುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದವರನ್ನು ಮಾತ್ರ ಬಿಡುತ್ತಿರಲಿಲ್ಲ.

ನಾನು ಕೊನೆಯ ವರ್ಷದಲ್ಲಿದ್ದಾಗ ಲ್ಯಾಬಿಗೆ ಹೊಸ ಕಂಪ್ಯೂಟರುಗಳು ಬಂದವು. ಪ್ರತಿಯೊಂದಕ್ಕೂ ಹೆಬ್ಬೆರಳಿನಷ್ಟು ವೈಫೈ ಕಡ್ಡಿ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಉತ್ತರ ಕಳಿಸುವ ಹೊತ್ತಿಗೆ ನನ್ನ ಕಂಪ್ಯೂಟರು ಕಲ್ಲಾಯಿತು. ಮೌಸ್ ಅಲುಗಲಿಲ್ಲ. ನೋಡನೋಡುತ್ತ ಪಕ್ಕದ ನಾಲ್ಕೂ ನಿಂತವು. ಮರುದಿನ ಬಂದ, ಕಂಪ್ಯೂಟರು ಮಾರಿದ ಕಂಪನಿಯವನು ಏನನ್ನೂ ತೆರೆದು ನೋಡದೆ, "ಯಾರೋ ಬೇಕಂತಲೇ ಏನೋ ಮಾಡಿದಾರೆ ಸರ್" ಎಂದ. ಮೊದಲು ನಿಂತದ್ದು ನನ್ನದು. ಅಷ್ಟೇ ಸಾಕಾಯಿತು. ಬರಗೂರಿನಿಂದ ಬಸ್ಸಿನಲ್ಲಿ ಬರುವ ಹುಡುಗಿ ಲ್ಯಾಬ್ ಕೆಡಿಸಿದಳೆಂದು ಪ್ರಿನ್ಸಿಪಾಲರು ನೋಟಿಸು ಬರೆಸಿದರು. ಮರುಪರೀಕ್ಷೆಗೂ ಕೂರಬಾರದಂತೆ. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಕಾರಿಡಾರಿನಲ್ಲಿ ಅಳುತ್ತಿದ್ದ ನನ್ನ ಮುಂದೆ ಮೇಡಂ ಬಂದು ನಿಂತರು.

"ಲೇ, ಅಳಬ್ಯಾಡ. ಅತ್ತುಬುಟ್ರೆ ತಪ್ಪು ಒಪ್ಕಂಡಂಗೆ ಕಣಮ್ಮ. ನೀನು ಮಾಡಿದ್ಯಾ?"

"ಇಲ್ಲ ಮೇಡಂ."

"ಸರಿ ಬುಡು. ಇನ್ನು ಆ ಯಂತ್ರನೇ ಬಾಯ್ಬುಡ್ಲಿ."

ಉತ್ತರ ಕಳಿಸುವಾಗಲೇ ನಿಂತದ್ದರಿಂದ ಮೇಡಂಗೆ ವೈಫೈ ಕಡ್ಡಿಯ ಮೇಲೇ ಅನುಮಾನ. ಅದನ್ನು ನಡೆಸುವ ಪ್ರೋಗ್ರಾಮಿನ, ಅಂದರೆ ಡ್ರೈವರಿನ, ಕೋಡು ಯಾರು ಬೇಕಾದರೂ ಓದುವಂತೆ ಇಂಟರ್ನೆಟ್ಟಿನಲ್ಲಿ ಬಯಲಲ್ಲೇ ಇತ್ತು. ಮಾರಿದವನೇ ಓದಿರಲಿಲ್ಲ. ಮೇಡಂ ಅದನ್ನು ಪ್ರಿಂಟ್ ಹಾಕಿಸಿ, ಕೆಂಪು ಪೆನ್ನು ಹಿಡಿದು ವಾರವಿಡೀ ಕೂತರು. ಒಂದು ಮಧ್ಯಾಹ್ನ ನನ್ನನ್ನು ಕರೆದರು.

"ಇಲ್ನೋಡು. ಒಂದು ಕೆಲಸದ ಮಧ್ಯೆ ಇನ್ನೊಂದು ಕೈಹಾಕದಂಗೆ ಕೋಡಲ್ಲಿ ಬೀಗ ಹಾಕಿರ್ತಾರೆ. ಫೈಲು ಕಳಿಸೋ ಭಾಗ ಮೊದ್ಲು ಈ ಬೀಗ ಹಿಡ್ಕಂಡು, ಆಮೇಲೆ ಆ ಬೀಗ ಕೇಳ್ತದೆ. ಸಿಗ್ನಲ್ ಕಡಿದು ಮತ್ತೆ ಕೂಡ್ಕಳೋ ಭಾಗ ಮೊದ್ಲು ಆ ಬೀಗ ಹಿಡ್ಕಂಡು, ಆಮೇಲೆ ಈ ಬೀಗ ಕೇಳ್ತದೆ. ಎರಡೂ ಒಂದೇ ಗಳಿಗೆಗೆ ಬಂದ್ರೆ?"

"ಇದು ಅದಕ್ಕೆ ಕಾಯ್ತದೆ, ಅದು ಇದಕ್ಕೆ ಕಾಯ್ತದೆ."

"ಯುಗ ಕಳೆದ್ರೂ ಕಾಯ್ತವೆ, ಕಂಪ್ಯೂಟರು ಕಲ್ಲಾಗ್ತದೆ. ಇದ್ರಲ್ಲಿ ನಿನ್ ಕೈ ಎಲ್ಲೈತೆ, ತೋರ್ಸು?"

ಮರುದಿನ ಪ್ರಿನ್ಸಿಪಾಲರನ್ನೂ ಕಂಪನಿಯವನನ್ನೂ ಲ್ಯಾಬಿಗೆ ಕರೆಸಿದರು. ನಮ್ಮನ್ನೆಲ್ಲ ಗೋಡೆಯ ಪಕ್ಕ ಕೈಕಟ್ಟಿ ನಿಲ್ಲಿಸಿದರು. ಎಲ್ಲ ಕಂಪ್ಯೂಟರುಗಳಿಂದಲೂ ದೊಡ್ಡ ಫೈಲುಗಳು ಹೊರಟವು. ಮೇಡಂ ವೈಫೈ ಸಿಗ್ನಲ್ ಕೊಡುವ ರೌಟರನ್ನು ಆಫ್ ಮಾಡಿ ಆನ್ ಮಾಡಿದರು, ಮತ್ತೆ ಮಾಡಿದರು. ಏಳನೆಯ ಸಲಕ್ಕೆ ಮೂರು ಕಂಪ್ಯೂಟರು ಕಲ್ಲಾದವು.

"ಈಗ ಯಾರು ಮುಟ್ಟಿದ್ರು? ಚೆಪ್ಪಂಡಿ ಸಾರ್, ಹೇಳ್ರಿ, ಯಾರು ಮುಟ್ಟಿದ್ರು?"

ಆಮೇಲೆ ಮೇಡಂ ತಾವು ತಿದ್ದಿದ ಡ್ರೈವರ್ ಹಾಕಿದರು. ಅದರಲ್ಲಿ ಎರಡು ಭಾಗವೂ ಬೀಗಗಳನ್ನು ಒಂದೇ ಕ್ರಮದಲ್ಲಿ ಹಿಡಿಯುತ್ತಿದ್ದವು. ಊಟದ ಬೆಲ್ ಹೊಡೆಯುವವರೆಗೆ ಆಫ್ ಆನ್ ಮಾಡಿದರೂ ಒಂದೂ ನಿಲ್ಲಲಿಲ್ಲ.

"ಆಯ್ತು ಮೇಡಂ, ನೋಟಿಸು ವಿಷಯ ಮರೆತುಬಿಡೋಣ," ಎಂದರು ಪ್ರಿನ್ಸಿಪಾಲರು.

"ಮರೆಯೋದೆಂಗೆ ಸಾರ್? ತಪ್ಪು ಮಾಡಿದ್ಲು ಅಂತ ಬರೆದ್ರಲ್ಲ, ಮಾಡಿಲ್ಲ ಅಂತ್ಲೂ ಬರೀರಿ. ಇವಳ ಮನೆಗೂ ಒಂದು ಕಾಗದ ಹೋಗ್ಲಿ."

ಟೈಪಾಗಿ ಸಹಿ ಬೀಳುವವರೆಗೆ ಮೇಡಂ ಆಫೀಸಿನಲ್ಲಿ ನಿಂತೇ ಇದ್ದರು. ಕುರ್ಚಿ ಹಾಕಿದರೂ ಕೂರಲಿಲ್ಲ. ನಾನು ಮರುಪರೀಕ್ಷೆ ಬರೆದು ಪಾಸಾದೆ. ಕಂಪನಿ ಮೇಡಂ ಮಾಡಿದ ತಿದ್ದುಪಡಿಯನ್ನೇ 'ನಮ್ಮ ಪರಿಣತರ ಕೆಲಸ' ಎಂದು ಹಂಚಿತು. ನನ್ನನ್ನು ಕಳ್ಳಿಯಂತೆ ನೋಡಿದ ಆ ಕಂಪನಿಯವನು ಒಂದು ಕ್ಷಮೆಯ ಮಾತನ್ನೂ ಆಡಲಿಲ್ಲ.

ಈಗ ನಾನೇ ಶಿರಾದಲ್ಲಿ ಪಾಠ ಹೇಳುತ್ತೇನೆ. ಕಳೆದ ವರ್ಷ ಮೇಡಂ ತೀರಿಕೊಂಡರು. ಸಂತಾಪ ಸಭೆಯಲ್ಲಿ ಒಬ್ಬರು ಮೈಕು ಹಿಡಿದು, "ಬಹಳ ಸೌಮ್ಯ ಸ್ವಭಾವ, ಯಾರಿಗೂ ಎದುರಾಡಿದವರಲ್ಲ," ಎಂದರು. ನನಗೆ ತಡೆಯಲಾಗಲಿಲ್ಲ. ಕೂತಲ್ಲಿಂದ ಎದ್ದೆ.

"ಸುಳ್ಳು ಹೇಳಬೇಡಿ. ಅವರು ಎದುರಾಡಿದ್ದಕ್ಕೇ ನಾನು ಟೀಚರಾಗಿದ್ದೇನೆ."