ಖಾದರ್ ಮನೆಯ ಪರದೆ

ಮೊಮ್ಮಗನ ಹೊಸ ಯೂನಿಫಾರ್ಮಿನ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು ನೋಡಿ, ಮಾನ್ವಿಯ ಖಾದರ್ ಸಾಹೇಬರ ಬಟ್ಟೆ ಅಂಗಡಿ ನೆನಪಾಯಿತು. ಅದೇ ವಾರ ರಾಯಚೂರಿನ ಡಾಕ್ಟರು ಹುಡುಗನಿಗೆ ಎಡಿಎಚ್‌ಡಿ ಇದೆ ಎಂದಿದ್ದರು. ಗಮನ ನಿಲ್ಲುವುದಿಲ್ಲ, ತಡೆದುಕೊಳ್ಳಲು ಆಗುವುದಿಲ್ಲ, ಸಣ್ಣ ಮಾತೂ ದೊಡ್ಡದಾಗಿ ತಾಗುತ್ತದೆ ಎಂದು ಅವರು ವಿವರಿಸುತ್ತಿದ್ದರೆ ಮಗಳು ನನ್ನ ಕಡೆ ತಿರುಗಿ, "ಯಪ್ಪಾ, ಇದು ನಿಂದ ಅದ" ಅಂದಳು. ಎಪ್ಪತ್ತು ದಾಟಿದವನಿಗೆ ಇದು ಸಮಾಧಾನವೋ ಬೈಗುಳವೋ ಇನ್ನೂ ತಿಳಿದಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಮಾನ್ವಿಯಲ್ಲಿ ಮಾಸ್ತರ. ಕೊಡೆ, ಚಪ್ಪಲಿ, ಹಾಜರಿ ಪುಸ್ತಕ ಎಲ್ಲವನ್ನೂ ಎಲ್ಲೆಲ್ಲೋ ಬಿಟ್ಟು ಬರುವವನು. ಮಲ್ಲಟಕ್ಕೆಂದು ರಾಯಚೂರಿನಲ್ಲಿ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದದ್ದೂ ಉಂಟು, ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಖಾದರ್ ನನ್ನ ಒಬ್ಬನೇ ಗೆಳೆಯ. ಅವರ ಮನೆಯಲ್ಲಿ ಹೊರಗಿನ ಕೋಣೆಗೂ ಒಳಮನೆಗೂ ನಡುವೆ ಒಂದು ಪರದೆ. ಗಂಡಸರು ಬಂದರೆ ಹೊರಬಾಗಿಲಲ್ಲೇ ಕೂಗಿ, ಒಳಗಿನಿಂದ ಉತ್ತರ ಬರುವವರೆಗೆ ನಿಲ್ಲಬೇಕು. ಪರದೆ ದಾಟುವ ಮಾತಂತೂ ಇಲ್ಲ. ಕೂಗುವುದು ನನಗೆ ಸಲೀಸು. ನಿಲ್ಲುವುದೇ ಆಗುತ್ತಿರಲಿಲ್ಲ.

ಎರಡು ಸಲ ಕಾಯದೆ ಹೊರಕೋಣೆಗೆ ಹೋದಾಗ ಖಾದರ್ ನಕ್ಕು ಬಿಟ್ಟರು. ಮೂರನೇ ಸಲ, ಇಲಾಖೆಯ ಪರೀಕ್ಷೆ ಪಾಸಾದ ಖುಷಿಯಲ್ಲಿ, ಅವರ ಹೆಸರು ಕೂಗುತ್ತಲೇ ಪರದೆ ಸರಿಸಿ ಒಳಗೇ ನುಗ್ಗಿದೆ. ಖಾದರ್ ಮನೆಯಲ್ಲಿರಲಿಲ್ಲ. ಕೂದಲು ಒಣಗಿಸುತ್ತಾ ಕೂತಿದ್ದ ಅವರ ಹೆಂಡತಿ ಗಾಬರಿಯಿಂದ ಎದ್ದು, ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು.

ಮರುದಿನ ಅಂಗಡಿಯಲ್ಲಿ ಖಾದರ್ ಮೆಲ್ಲಗೆ ಹೇಳಿದರು: "ಮಾಸ್ತರ್ರ, ನಿಮ್ಮ ಮನಸು ಕೆಟ್ಟದ್ದಲ್ಲ, ನನಗ ಗೊತ್ತದ. ಆದ್ರ ಪರದೆ ಅಲ್ಲಾಡಿದ್ರ ಸಾಕು, ಆಕಿ ಹೆದರಾಕತ್ತಾಳ. ಇನ್ನ ಮನಿಗೆ ಬರಬ್ಯಾಡ್ರಿ."

ನಾನು ಅಲ್ಲೇ ಬಜಾರಿನ ಜನ ನೋಡುವಂತೆ ಕೂಗಾಡಿದೆ. ಸಂಜೆ ಅದೇ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕ್ಷಮಿಸಿ ಎನ್ನುತ್ತಾ ಅತ್ತೆ. ಅವರು ಚಹಾ ತರಿಸಿದರು, ಮನೆಗೆ ಮಾತ್ರ ಕರೆಯಲಿಲ್ಲ. ಮುಂದೆ ದೇವದುರ್ಗಕ್ಕೆ ವರ್ಗವಾಯಿತು. ಗೆಳೆಯ ನನ್ನನ್ನು ದೂರ ಮಾಡಿದ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ.

ಖಾದರ್ ಈಗಲೂ ಮಾನ್ವಿಯಲ್ಲೇ ಇದ್ದಾರೆ. ಡಾಕ್ಟರು ಹೇಳಿದ ಹೆಸರನ್ನು ಹಿಡಿದುಕೊಂಡು ಅವರಿಗೆ ಕಾಗದ ಬರೆಯಲು ಕೂತೆ. ಅದು ನನ್ನ ತಪ್ಪಲ್ಲ ಎಂದು ಬರೆದು ಹೊಡೆದುಹಾಕಿದೆ. ತಪ್ಪು ನನ್ನದೇ ಎಂದು ಬರೆದು ಅದನ್ನೂ ಹೊಡೆದುಹಾಕಿದೆ. ಯಾವುದು ನಿಜವೋ ತಿಳಿಯಲಿಲ್ಲ. ಅಷ್ಟರಲ್ಲಿ ಹೊಳೆಯಿತು: ನಾನು ಅತ್ತದ್ದು, ಕ್ಷಮಿಸಿ ಎಂದದ್ದು ಎಲ್ಲ ಖಾದರ್ ಮುಂದೆ. ಹೆದರಿದವರು ಮಾತ್ರ ಅವರ ಹೆಂಡತಿ. ಆ ಹೆಣ್ಣುಮಗಳ ಹೆಸರೂ ನನಗೆ ಗೊತ್ತಿಲ್ಲ. ಈಗ ನೇರವಾಗಿ ಅವರಿಗೇ ಬರೆದರೆ, ಮತ್ತೊಮ್ಮೆ ಕೇಳದೆ ಒಳಗೆ ನುಗ್ಗಿದಂತಾಗುವುದೋ ಏನೋ.

ಕೊನೆಗೆ ಖಾದರ್‌ಗೆ ಒಂದೇ ಸಾಲು ಬರೆದೆ: ನಿಮ್ಮ ಮನೆಯವರಲ್ಲಿ ನಾನು ಕ್ಷಮೆ ಕೇಳಬಹುದೇ ಎಂದು ಅವರನ್ನೇ ವಿಚಾರಿಸಿ ತಿಳಿಸಿರಿ. ತಿಂಗಳಾಯಿತು, ಉತ್ತರವಿಲ್ಲ. ಎರಡನೇ ಕಾಗದ ಬರೆಯಲು ಕೈ ದಿನವೂ ಹೋಗುತ್ತದೆ. ಬರೆದಿಲ್ಲ.